ಹೋಂವರ್ಕಿನ ರಾಜೀನಾಮೆ

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ನನ್ನ ಸೊಸೆಯ ಕಾಲ ಬರುತ್ತಿದ್ದದ್ದು ಮಂಗಳವಾರ ಮತ್ತು ಗುರುವಾರ, ಸಂಜೆ ಐದರಿಂದ ಆರರವರೆಗೆ. ಆ ಒಂದು ಗಂಟೆ ಅವಳು ಟೀಚರು, ನಾನು ಮೂರನೇ ಬೆಂಚಿನ ದಡ್ಡಿ.

ನಾನು ಆಸ್ಪತ್ರೆಯ ಲಾಂಡ್ರಿಯಲ್ಲಿ ಚಾದರ ಮಡಿಸುವವಳು. ಇಪ್ಪತ್ತಾರು ವರ್ಷದ ಸರ್ವೀಸು. ಹೋದ ವರ್ಷ ಮೇಲಿನವರಿಗೆ ಏನು ಬುದ್ಧಿ ಬಂತೋ, ಇನ್ನು ಆಫೀಸಿಗೆ ಏನೇ ಹೇಳುವುದಿದ್ದರೂ ಇಂಗ್ಲಿಷಿನಲ್ಲಿ ಬರೆದೇ ಕೊಡಬೇಕು, ಬಾಯಿಮಾತು ನಡೆಯುವುದಿಲ್ಲ ಅಂತ ಆರ್ಡರು ಹೊರಡಿಸಿದರು. ಅದಕ್ಕೊಂದು ಪುಸ್ತಕ, ಹನ್ನೆರಡು ಪಾಠ, ಪಾಠಕ್ಕೊಂದು ಬಗೆಯ ಬರಹ. ಟೀಚರು ಬೇಕು ಅಂದಾಗ ನನ್ನ ಸೊಸೆ ಓದಿದವಳು ಅಂತ ಜಂಬದಿಂದ ಹೇಳಿದವಳು ನಾನೇ. ಬಾಯ್ಲರ್ ನೋಡಿಕೊಳ್ಳುವ ಅಣ್ಣನಿಂದ ಹಿಡಿದು ಲಾಂಡ್ರಿಯವರಿಗೆಲ್ಲ ಅವಳೇ ಟೀಚರಾದಳು. ಮಾಡಿದ್ದುಣ್ಣೋ ಮಹಾರಾಯ.

ಐದನೇ ಪಾಠ ರಾಜೀನಾಮೆ ಪತ್ರ. "ಪುಸ್ತಕದ್ದು ಕಾಪಿ ಹೊಡೀಬೇಡಿ. ನಿಜವಾದ ಕಾರಣ ಬರೀರಿ, ಭಾಷೆ ತಾನಾಗೇ ಬರುತ್ತೆ" ಅಂದಳು ಸೊಸೆ. ಮರುದಿನ ಊಟದ ಬಿಡುವಿನಲ್ಲಿ ಬರೆದೆ. ಬರೆಯುತ್ತಾ ಬರೆಯುತ್ತಾ ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ ಬಂತು. ಆ ಹಾಳೆಯನ್ನು ಏಪ್ರನ್ ಜೇಬಿಗೆ ಹಾಕಿದ್ದು ತಪ್ಪಾಯಿತು. ಸಂಜೆ ಅದೇ ಜೇಬಿನಲ್ಲಿದ್ದ ಚಾದರದ ಲೆಕ್ಕದ ಚೀಟಿಗಳ ಜೊತೆ ಅದೂ ಆಫೀಸಿಗೆ ಹೋಯಿತು. ಬೆಳಿಗ್ಗೆ ಮ್ಯಾನೇಜರು ಸಹಿ ಹಾಕಿ ಕಳಿಸಿದ್ದರು: ಅಂಗೀಕರಿಸಲಾಗಿದೆ.

ಮೆಟ್ಟಿಲು ಹತ್ತಿ ಓಡಿದೆ. "ಸಾರ್, ಅದು ಹೋಂವರ್ಕು!"

"ಹಾಗಂತ ಅದರಲ್ಲಿ ಎಲ್ಲೂ ಬರೆದಿಲ್ವಲ್ಲಮ್ಮ" ಅಂದರು ಮ್ಯಾನೇಜರು. ಮನುಷ್ಯ ಕೆಟ್ಟವರಲ್ಲ, ಆದರೆ ಬರೆದದ್ದನ್ನು ಬರೆದ ಹಾಗೇ ಮಾಡಬೇಕು ಅನ್ನುವ ಜಾತಿ. "ವಾಪಸ್ ತಗೋಬೇಕಾದ್ರೆ ವಾಪಸಾತಿ ಪತ್ರ ಬರೆದುಕೊಡಿ. ಇಂಗ್ಲಿಷಲ್ಲಿ."

ವಾಪಸಾತಿ ಪತ್ರ ಹತ್ತನೇ ಪಾಠ. ಮನೆಗೆ ಬಂದು ಸೊಸೆಯ ಮುಂದೆ ಕೈಮುಗಿದೆ. "ಅದೊಂದು ಪಾಠ ಈಗಲೇ ಹೇಳಿಕೊಡೇ ತಾಯಿ."

"ಪಾಠ ಹಾರಿಸೋ ಹಾಗಿಲ್ಲ ಅತ್ತೆ. ನಿಮಗೆ ಹಾರಿಸಿದ್ರೆ ನಾಳೆ ಬಾಯ್ಲರ್ ಅಣ್ಣನೂ ಹಾರಿಸಿ ಅಂತಾರೆ."

"ಕ್ಲಾಸಲ್ಲಿ ಬೇಡ, ಮನೇಲಿ ಹೇಳಿಕೊಡು."

"ಮನೇಲಿ ನಾನು ಸೊಸೆ. ನಿಮಗೆ ಹೇಳಿಕೊಡೋ ಅಷ್ಟು ದೊಡ್ಡವಳಾ ನಾನು?"

ಮಾತು ಮನೆ ಕೆಡಿಸಿತು ಅಂತಾರೆ. ನಮ್ಮ ಮನೆ ಕೆಡಿಸಿದ್ದು ಬರವಣಿಗೆ. ಮಗ ಪೇಪರಿನ ಹಿಂದೆ ಮುಖ ಮರೆಸಿಕೊಂಡು ಕೂತ, ಹೇಡಿ.

ಸರಿ, ಕ್ಲಾಸು ಬಿಡದೆ, ಬಂದ ಬಂದ ಪಾಠದಲ್ಲೇ ಕೆಲಸ ವಾಪಸು ಗಿಟ್ಟಿಸೋಣ ಅಂದುಕೊಂಡೆ. ಆರನೇ ಪಾಠ ಆಮಂತ್ರಣ. "ನಾನು ಸೋಮವಾರ ಕೆಲಸಕ್ಕೆ ಮರಳುವ ಸಂತೋಷಕ್ಕಾಗಿ ಭಾನುವಾರ ಊಟಕ್ಕೆ ಬನ್ನಿ" ಅಂತ ಮ್ಯಾನೇಜರಿಗೆ ಬರೆದೆ. ಹೆಂಡತಿ ಮಕ್ಕಳ ಸಮೇತ ಬಂದರು, ಎರಡೆರಡು ಸಲ ಬಡಿಸಿಕೊಂಡರು, ಒಂದು ಗೋಡೆ ಗಡಿಯಾರ ಉಡುಗೊರೆ ಕೊಟ್ಟರು. "ಹಾಗಾದ್ರೆ ನಾಳೆ ಬರಲಾ ಸಾರ್?" ಅಂತ ಕೇಳಿದೆ. "ಊಟಕ್ಕೆ ಬನ್ನಿ ಅಂತ ಬರೆದಿದ್ರಿ, ಬಂದಿದ್ದೀನಿ" ಅಂದು ಕೈ ತೊಳೆದುಕೊಂಡರು.

ಏಳನೇ ಪಾಠ ಸಂತಾಪ ಪತ್ರ. ಚಾದರ ಮಡಿಸುವವರಿಗೆ ಅದು ಯಾಕೆ ಅಂತ ಕೇಳಬಾರದು. "ನನ್ನ ನೌಕರಿಯ ಅಕಾಲಿಕ ನಿಧನಕ್ಕೆ ತೀವ್ರ ಸಂತಾಪಗಳು" ಅಂತ ಕಳಿಸಿದೆ. ಮ್ಯಾನೇಜರು ಯಂತ್ರಗಳನ್ನೆಲ್ಲ ನಿಲ್ಲಿಸಿ ಎರಡು ನಿಮಿಷ ಮೌನ ಆಚರಿಸಿದರಂತೆ. ಬಾಯ್ಲರ್ ಅಣ್ಣ ಅತ್ತೂ ಬಿಟ್ಟನಂತೆ. ಸತ್ತದ್ದು ಯಾರು ಅಂತ ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಎಂಟನೇದು ಜಾಹೀರಾತು. ಬೇರೆ ಯಾರಿಗೂ ಹೊಂದದ ಹಾಗೆ ಜಾಣತನದಿಂದ ಬರೆದೆ: "ಬೇಕಾಗಿದ್ದಾರೆ. ಚಾದರ ಮಡಿಸಿ ಇಪ್ಪತ್ತಾರು ವರ್ಷ ಅನುಭವವಿರುವ, ಎಡಗೈ ಹೆಬ್ಬೆರಳು ಸೊಟ್ಟಗಿರುವ ಹೆಂಗಸು." ಮ್ಯಾನೇಜರು ಅದನ್ನು ಗೇಟಿಗೆ ಅಂಟಿಸಿದರು. ಮರುದಿನ ಬೆಳಿಗ್ಗೆ ಮೂವತ್ತು ಹೆಂಗಸರು ಸಾಲಾಗಿ ನಿಂತಿದ್ದರು, ಎಲ್ಲರೂ ಎಡಗೈ ಹೆಬ್ಬೆರಳನ್ನು ಸೊಟ್ಟಗೆ ಮಾಡಿಕೊಂಡು.

ಆಗ ನನಗೆ ನಿಜವಾಗಿ ಭಯವಾಯಿತು. ಮನೆಯಲ್ಲಿ ಕೈಗೆ ಸಿಕ್ಕಿದ್ದೆಲ್ಲ ಮಡಿಸುತ್ತಿದ್ದೆ: ಹಳೇ ಪೇಪರು, ಕೈಒರೆಸುವ ಬಟ್ಟೆ, ಮಗನ ಇಸ್ತ್ರಿ ಅಂಗಿ ಮೂರು ಮೂರು ಸಲ. ಯಂತ್ರದಿಂದ ಬಂದ ಬಿಸಿ ಚಾದರದ ವಾಸನೆ ನೆನಪಾಗಿ ಅಳು ಬರುತ್ತಿತ್ತು. ಒಂಬತ್ತನೇ ಪಾಠ ಕೆಲಸಕ್ಕೆ ಅರ್ಜಿ. ನನ್ನ ಜಾಗಕ್ಕೆ ನಾನೇ ಅರ್ಜಿ ಹಾಕಿದೆ. ಇಂಟರ್ವ್ಯೂಗೆ ಕರೆ ಬಂತು.

ಇಪ್ಪತ್ತಾರು ವರ್ಷ ನನ್ನ ಮುಖ ನೋಡಿದ ಮ್ಯಾನೇಜರು ಕನ್ನಡಕ ಸರಿ ಮಾಡಿಕೊಂಡು ಕೇಳಿದರು, "ಹಿಂದಿನ ಕೆಲಸ ಯಾಕೆ ಬಿಟ್ರಿ?"

"ಬಿಡಲಿಲ್ಲ ಸಾರ್. ಬಿಡೋದು ಹೇಗೆ ಅಂತ ಬರೆಯೋಕೆ ಕಲಿತಿದ್ದೆ."

ಅವರು ಫೈಲಿನಿಂದ ನನ್ನ ಹಾಳೆ ತೆಗೆದು, ಬೆರಳಿಟ್ಟು, ಒಂದೊಂದೇ ವಾಕ್ಯದ ಅರ್ಥ ಹೇಳಿದರು. "'ಇಪ್ಪತ್ತಾರು ವರ್ಷ ನಿಂತೇ ಇದ್ದೇನೆ. ಕೂರಲು ಒಂದು ಕುರ್ಚಿ ಯಾರೂ ಕೊಡಲಿಲ್ಲ, ನಾನೂ ಕೇಳಲಿಲ್ಲ. ನನ್ನ ಮಂಡಿಗಳು ಸೋತಿವೆ.' ಇದೂ ಹೋಂವರ್ಕಾ?"

ನಾಚಿಕೆಯಾಯಿತು. "ಅದು ನಿಜ ಸಾರ್."

"ಮತ್ತೆ ಅರ್ಜಿಲಿ ಈ ಕೆಲಸ ಅಂದ್ರೆ ಪ್ರಾಣ ಅಂತ ಬರೆದಿದ್ದೀರಿ?"

"ಅದೂ ನಿಜ."

"ಒಂದೇ ಫೈಲಲ್ಲಿ ಎರಡು ನಿಜ ಇಡೋಕಾಗಲ್ಲಮ್ಮ. ಹಳೇ ಪತ್ರದಲ್ಲಿರೋದೆಲ್ಲ ಸುಳ್ಳು ಅಂತ ಬರೆದುಕೊಡಿ, ಕೆಲಸ ನಿಮ್ಮದೇ. ಶುಕ್ರವಾರ ಬೆಳಿಗ್ಗೆಯೊಳಗೆ. ಇಲ್ಲಾಂದ್ರೆ ಹೊರಗೆ ಮೂವತ್ತು ಹೆಬ್ಬೆರಳು ಕಾಯ್ತಾ ಇವೆ."

ಗುರುವಾರ ಹತ್ತನೇ ಪಾಠ. ಸೊಸೆ ಬೋರ್ಡಿನ ಮೇಲೆ ಮಾದರಿ ಬರೆದಳು: ಹಿಂದಿನ ಪತ್ರವನ್ನು ಪೂರ್ತಿಯಾಗಿ ಹಿಂತೆಗೆದುಕೊಳ್ಳುತ್ತೇನೆ, ಅದರಲ್ಲಿರುವುದು ಸತ್ಯವಲ್ಲ. ಮೊದಲ ತುಂಡು ಬರೆದೆ. 'ಸತ್ಯವಲ್ಲ' ಬರೆಯುವಲ್ಲಿಗೆ ಪೆನ್ನು ನಿಂತಿತು. ಕೆಲಸ ಬೇಕಿತ್ತು, ದೇವರಾಣೆಗೂ ಬೇಕಿತ್ತು. ಆದರೆ ನಾನು ಹುಟ್ಟಿದಂದಿನಿಂದ ಯಾರ ಮುಖಮುಲಾಜೂ ನೋಡದೆ ಹೇಳಿದ ಮಾತು ಅದೊಂದೇ. ಸಿಟ್ಟು ಬಂತು. ಬರೆದದ್ದನ್ನೆಲ್ಲ ಹೊಡೆದುಹಾಕಿ ಎರಡೇ ವಾಕ್ಯ ಬರೆದೆ: "ರಾಜೀನಾಮೆಯನ್ನು ಹಿಂತೆಗೆದುಕೊಳ್ಳುತ್ತೇನೆ. ಕುರ್ಚಿಯನ್ನು ಹಿಂತೆಗೆದುಕೊಳ್ಳುವುದಿಲ್ಲ."

ಸೊಸೆ ಕೆಂಪು ಪೆನ್ನು ಹಿಡಿದು ಬಂದಳು. ಎರಡು ಸಲ ಓದಿದಳು. "ಇಂಥ ಪತ್ರ ಪುಸ್ತಕದಲ್ಲಿಲ್ಲ ಅತ್ತೆ" ಅಂದಳು. ಕ್ಲಾಸಿನಲ್ಲಿ ನನ್ನನ್ನು ಅತ್ತೆ ಅಂದದ್ದು ಅದೇ ಮೊದಲು. ಪೆನ್ನಿಗೆ ಕ್ಯಾಪು ಹಾಕಿದಳು. "ಹೀಗೇ ಕೊಟ್ಟುಬಿಡಿ."

ಮ್ಯಾನೇಜರು ಡಿಕ್ಷನರಿ ತೆಗೆದು ಬಹಳ ಹೊತ್ತು ಒದ್ದಾಡಿದರು. ಹಾಳೆ ತಿರುಗಿಸಿ ಹಿಂದೆ ಏನಾದರೂ ಇದೆಯಾ ಅಂತಲೂ ನೋಡಿದರು. ಬರೆದದ್ದು ಬರೆದದ್ದೇ. ಸಹಿ ಹಾಕಿದರು.

ಶುಕ್ರವಾರ ಕೆಲಸಕ್ಕೆ ಹೋದೆ. ಸೋಮವಾರ ಕುರ್ಚಿ ಬಂತು, ಹೊಸದು. ಎಲ್ಲರೂ ಯಂತ್ರ ಬಿಟ್ಟು ಸುತ್ತ ನೆರೆದರು. ಕೂತೆ. ಕೂತರೆ ಮಡಿಸುವ ಮೇಜು ನನ್ನ ಗದ್ದಕ್ಕೆ ತಾಗುತ್ತಿತ್ತು, ಕೈಗೆ ಚಾದರ ಎಟುಕಲಿಲ್ಲ. ಬಾಯ್ಲರ್ ಅಣ್ಣ ಬಿದ್ದು ಬಿದ್ದು ನಕ್ಕ. ನಾನೂ ನಕ್ಕೆ, ಎದ್ದು ನಿಂತು ಸಂಜೆಯವರೆಗೆ ಮಡಿಸಿದೆ.

ಮನೆಗೆ ಬಂದವಳೇ ಬಿಳಿ ಹಾಳೆ ತೆಗೆದುಕೊಂಡು ಬರೆಯಲು ಕೂತೆ. ಸೊಸೆ ಹಿಂದಿನಿಂದ ಬಗ್ಗಿ ನೋಡಿದಳು. "ಹನ್ನೊಂದನೇದು ಇನ್ನೂ ಶುರುವೇ ಮಾಡಿಲ್ಲ. ಇದು ಯಾವ ಪಾಠ ಅತ್ತೆ?"

"ಪಾಠ ಅಲ್ಲಮ್ಮ" ಅಂದೆ, ತಲೆಯೆತ್ತದೆ. "ಮೇಜು."