ಖಾಲಿ ಜಾಗ ಮುಟ್ಟಬೇಡಿ

ತಮಿಳು ಸೀಮೆಯ ಸಿಂಗಾನಲ್ಲೂರು ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಮಹಡಿ ಮೇಲಿನ ಪುಟ್ಟ ಸ್ಟುಡಿಯೋದಲ್ಲಿ ಭೂಮಿ ಪ್ಲೇ ಒತ್ತಿದಳು. ಸ್ಪೀಕರಿನಿಂದ ಹೊರಬಿದ್ದದ್ದು ಹಾಡಲ್ಲ, ಸಂತೆ. ಒಂದೇ ಗಂಟಲಿನ ಮೂರು ದನಿಗಳು ಒಂದರ ಮೇಲೊಂದು ಬಿದ್ದು ಕಿತ್ತಾಡುತ್ತಿದ್ದವು. ಪಕ್ಕದ ಕುರ್ಚಿಯಲ್ಲಿ ಕೂತ ಅಮ್ಮನ ಮುಖ ನೋಡುವ ಧೈರ್ಯ ಕಲೈಸೆಲ್ವಿಗಾಗಲಿಲ್ಲ.

ಆ ದನಿ ಅಮ್ಮನದೇ. ಧಾರಾಪುರಂ ಕಡೆಯ ನೇಕಾರರ ಮನೆಗಳಲ್ಲಿ ಅಮ್ಮ ರುಕ್ಮಣಿ ಬಂದು ಹಾಡದೆ ಮದುವೆ ಕಳೆಗಟ್ಟುತ್ತಿರಲಿಲ್ಲ. ಬೀದಿಯಲ್ಲಿ ತಮಿಳು, ಒಲೆಯ ಮುಂದೆ ಕನ್ನಡ ಆಡುವ ಹಳೆಯ ಮನೆಗಳವು. ಹೆಣ್ಣಿನ ಕಡೆಯವರೂ ಗಂಡಿನ ಕಡೆಯವರೂ ಹಾಡಿನಲ್ಲೇ ಒಬ್ಬರ ಮಾನ ಒಬ್ಬರು ಹರಾಜು ಹಾಕುವ ಹಾಡೊಂದಿದೆ. ಅದನ್ನು ಪೂರ್ತಿ ಬಲ್ಲವಳು ಇವಳೊಬ್ಬಳೇ ಉಳಿದಿದ್ದಳು. ಗಂಟಲಲ್ಲಿ ಗಡ್ಡೆಯಿದೆ, ಧ್ವನಿಪೆಟ್ಟಿಗೆ ತೆಗೆಯಲೇಬೇಕು ಎಂದು ಡಾಕ್ಟರು ಹೇಳಿದಾಗ ಅವಳು ಮಗಳ ಮುಂದೆ ಒಂದೇ ಹಟ ಹಿಡಿದಳು: "ಮೊದ್ಲು ಹಾಡು ಹಿಡಿದಿಡು ನನ್ ಕಣ್ಣು. ಆಮೇಲೆ ಗಂಟಲ್ನ ಏನ್ ಬೇಕಾದ್ರೂ ಮಾಡ್ಕೊಳ್ಳಲಿ."

ಕಲೈಸೆಲ್ವಿ ತಿರುಪ್ಪೂರಿನಲ್ಲಿ ತಾನು ಕೆಲಸ ಮಾಡುವ ಬನಿಯನ್ ಕಂಪನಿಯ ಲ್ಯಾಪ್‌ಟಾಪಿಗೆ ಪುಕ್ಕಟೆ ಪ್ರೋಗ್ರಾಂ ಒಂದನ್ನು ಹಾಕಿಕೊಂಡು ಹಾಡು ರೆಕಾರ್ಡು ಮಾಡಿದಳು. ಮುಖ್ಯ ಹಾಡು ಒಂದು ಟ್ರ್ಯಾಕು, ಹೆಣ್ಣಿನ ಕಡೆಯ ಉತ್ತರ ಇನ್ನೊಂದು, ಗಂಡಿನ ಕಡೆಯದು ಮತ್ತೊಂದು. ಮೂರನ್ನೂ ಹಾಡಿದವಳು ಅಮ್ಮನೇ. ಮಾರನೆಯ ವಾರ ಆಪರೇಷನ್ ಆಯಿತು. ಈಗ ಕತ್ತಿನಲ್ಲೊಂದು ತೂತು, ಅದರಲ್ಲಿ ಉಸಿರಿನ ಸದ್ದು, ಅಷ್ಟೇ.

ದಾವಣಗೆರೆಯಿಂದ ಬಂದು ಇಲ್ಲೇ ಸ್ಟುಡಿಯೋ ಇಟ್ಟುಕೊಂಡಿದ್ದ ಸೌಂಡ್ ಇಂಜಿನಿಯರ್ ಭೂಮಿ ಆ ಹಾಡನ್ನು ಶುದ್ಧಮಾಡಿಕೊಡಲು ಒಪ್ಪಿದ್ದಳು. ಆದರೆ ಅವಳ ಪ್ರೋಗ್ರಾಂ ಬೇರೆ, ಮೂರು ಟ್ರ್ಯಾಕನ್ನೂ ಜೋಡಿಸಿಟ್ಟ ಕಲೈಸೆಲ್ವಿಯ ಪ್ರಾಜೆಕ್ಟು ಅದರಲ್ಲಿ ತೆರೆಯುವುದಿಲ್ಲ. ಒಂದೊಂದು ಟ್ರ್ಯಾಕನ್ನೂ ಬೇರೆ ಫೈಲು ಮಾಡಿ ತನ್ನಿ ಎಂದು ಫೋನಿನಲ್ಲಿ ಹೇಳಿದ್ದಳು.

"ಮೂರೂ ಒಂದೇ ಉದ್ದ ಇರಬೇಕಿತ್ತಲ್ಲ," ಭೂಮಿ ಪರದೆಯನ್ನೇ ನೋಡುತ್ತ ಕೇಳಿದಳು. "ನಡುವಿನ ಖಾಲಿ ಎಲ್ಲಿ ಹೋಯ್ತು?"

"ಅದಾ ಮೇಡಂ? ಏನೂ ಇರ್ಲಿಲ್ಲ, ಸುಮ್ನೆ ಇತ್ತು. ಕತ್ರಿಸಿ ಕ್ಲೀನ್ ಮಾಡ್ದೆ."

ನೇಕಾರರ ಮನೆಯ ಹುಡುಗಿ. ಮಗ್ಗದಿಂದ ಇಳಿದ ಸೀರೆಯ ತುದಿಯಲ್ಲಿ ನೇಯದೆ ಉಳಿದ ನೂಲನ್ನು ಕತ್ತರಿಸದೆ ಯಾರ ಕೈಗೂ ಕೊಡಬಾರದೆಂದು ಕಲಿತವಳು. ಅದೇ ಶಿಸ್ತಿನಲ್ಲಿ ಒಂದು ಗುಂಡಿ ಒತ್ತಿ, ಮೂರು ಫೈಲಿನ ಮೌನವನ್ನೂ ತೆಗೆಸಿ ಹಾಕಿದ್ದಳು. ಮಾಡಿದ ಮೇಲೆ ಒಮ್ಮೆ ಕೇಳಿಯಾದರೂ ನೋಡಿದಳೇ? ಅದೂ ಇಲ್ಲ. ಅತಿ ಜಾಣತನ ಎಂದರೆ ಇದೇ.

"ಅಯ್ಯೋ, ಆ ಖಾಲಿ ಇದ್ರೇನೇ ಯಾವ ಸಾಲು ಯಾವಾಗ ಬರಬೇಕು ಅಂತ ಗೊತ್ತಾಗೋದು! ಮೆಸೇಜಲ್ಲಿ ಬರೆದಿದ್ನಲ್ಲ, ಖಾಲಿ ಜಾಗ ಮುಟ್ಟಬೇಡಿ ಅಂತ? ನೀವು ಸರಿ ಅಂತ ಹೆಬ್ಬೆರಳೂ ಕಳಿಸಿದ್ರಿ."

ಕಲೈಸೆಲ್ವಿ ಆಗ ಬಾಯಿಬಿಟ್ಟಳು. "ನಂಗೆ ಕನ್ನಡ ಓದಕ್ಕೆ ಬರಲ್ಲ ಮೇಡಂ. ಹೇಳಕ್ಕೆ ನಾಚಿಕೆ ಆಯ್ತು."

"ಹೋಗ್ಲಿ ಬಿಡಿ. ಹಳೇ ಪ್ರಾಜೆಕ್ಟ್ ಇದೆಯಲ್ಲ?"

"ಲ್ಯಾಪ್‌ಟಾಪು ಸೋಮವಾರ ಆಫೀಸಿಗೆ ವಾಪಸ್ ಕೊಟ್ಟೆ. ಎಲ್ಲಾ ಅಳಿಸಿ ಬೇರೆಯವ್ರಿಗೆ ಕೊಟ್ಟವ್ರೆ."

ಗಂಟಲು ಕಳೆದುಕೊಳ್ಳುವ ಮುನ್ನ ಅಮ್ಮ ಉಳಿಸಿದ ಹಾಡನ್ನು ಮಗಳೇ ಕೊಚ್ಚಿ ಹಾಕಿದ್ದಳು. ಡಾಕ್ಟರು ಗಡ್ಡೆಯ ಹೆಸರು ಹೇಳಿದ ದಿನವೂ ಅವಳು ಇಷ್ಟು ಹೆದರಿರಲಿಲ್ಲ. ಅಂದು ಅಮ್ಮನೇ ನಗುನಗುತ್ತ, "ಬಾ ಕಣ್ಣು, ಟೀ ಕುಡಿಯೋಣ" ಅಂದಿದ್ದಳು. ಇಂದು ಹಾಗನ್ನಲು ಯಾರಿದ್ದಾರೆ? ಅಮ್ಮ ಎದ್ದು ಹೊರಟುಬಿಟ್ಟರೆ ಹಿಂದೆ ಹೋಗಿ ಏನೆಂದು ಹೇಳುವುದು?

ರುಕ್ಮಣಿ ಎದ್ದಳು. ಹೊರಡಲಿಲ್ಲ. ಕುರ್ಚಿಯನ್ನು ಪರದೆಯ ಹತ್ತಿರ ಎಳೆದುಕೊಂಡು, ಮುಖ್ಯ ಹಾಡನ್ನು ಮಾತ್ರ ಹಾಕು ಎಂದು ಒಂದು ಬೆರಳು ತೋರಿಸಿದಳು. ಹಾಡು ಶುರುವಾಯಿತು. ಅವಳ ತುಟಿ ಅದರ ಜೊತೆಗೇ ಅಲುಗಿತು. ಹೆಣ್ಣಿನ ಕಡೆಯವರು ಬಾಯಿ ಹಾಕಬೇಕಾದಲ್ಲಿ ಮೇಜಿಗೆ ಪಟ್ಟೆಂದು ಬಡಿದಳು.

"ಅಲ್ಲಿಗಾ ಅಮ್ಮಾ?" ಭೂಮಿಯ ಕಣ್ಣರಳಿತು. ಹಾಡನ್ನು ಅಲ್ಲಿ ಕತ್ತರಿಸಿ ಸರಿಸಿ, ಹೆಣ್ಣಿನ ಕಡೆಯ ಮೊದಲ ತುಂಡನ್ನು ಎಳೆದು ನಡುವೆ ಇಟ್ಟಳು. ಕೂತುಕೊಂಡಿತು.

ಹೀಗೆ ಬೆಳಗಿನ ಹತ್ತರಿಂದ ಊಟದ ಹೊತ್ತಿನವರೆಗೂ ನಡೆಯಿತು. ಅಮ್ಮ ಬಡಿಯುವುದು, ಭೂಮಿ ತುಂಡಿಡುವುದು. ಬೀಗರ ಜಗಳ ಸಾಲುಸಾಲಾಗಿ ಮತ್ತೆ ಎದ್ದು ನಿಂತಿತು. ಕಡೆಗೆ ಗಂಡಿನ ಕಡೆಯ ಟ್ರ್ಯಾಕಿನಲ್ಲಿ ಒಂದೇ ಒಂದು ಚೂರು ಮಿಕ್ಕಿತು. ಅದಕ್ಕೆ ಅಮ್ಮ ಎಲ್ಲೂ ಬಡಿದಿರಲಿಲ್ಲ.

ಭೂಮಿ ಅದನ್ನು ಹಾಕಿದಳು. ಹಾಡಲ್ಲ. ಮೈಕಿನ ತೀರ ಹತ್ತಿರ ಒಂದು ಉಸಿರು, ಆಮೇಲೆ ಪಿಸುಮಾತು: "ತಾಯಿ ಚೌಡಮ್ಮಾ, ನಂಗೆ ಬಯವಾಗ್ತೈತೆ. ತುಂಬಾ ಬಯವಾಗ್ತೈತೆ. ಮಗೂಗೆ ಗೊತ್ತಾಗದಂಗೆ ನೋಡ್ಕೋ."

ರೆಕಾರ್ಡು ಮಾಡಿದ ದಿನ, ಕಲೈಸೆಲ್ವಿ ಬಿಸಿನೀರು ತರಲು ಒಳಗೆ ಹೋಗಿದ್ದಾಗ ಆಡಿದ ಮಾತಿರಬೇಕು. ಮೈಕು ಚಾಲೂ ಇದೆಯೆಂಬುದು ಅಮ್ಮನಿಗೆ ಹೊಳೆದಿರಲಿಲ್ಲ.

"ಇದನ್ನ... ತೆಗೆದುಬಿಡ್ಲಾ?" ಭೂಮಿ ಮೆಲ್ಲಗೆ ಕೇಳಿದಳು.

ರುಕ್ಮಣಿ ತಲೆ ತಗ್ಗಿಸಿಕೊಂಡು, ತೆಗಿ ತೆಗಿ ಎಂದು ಕೈಯಾಡಿಸಿದಳು. ಕಳ್ಳತನದಲ್ಲಿ ಸಿಕ್ಕಿಬಿದ್ದವಳಂತೆ ಸೆರಗನ್ನು ಕತ್ತಿನ ತೂತಿನ ಮೇಲೆ ಎಳೆದುಕೊಂಡಳು.

"ಬೇಡ ಮೇಡಂ, ಇರ್ಲಿ," ಅಂದಳು ಕಲೈಸೆಲ್ವಿ. ಅಮ್ಮನ ಕೈ ಹಿಡಿದುಕೊಂಡಳು. "ನಂಗೂ ಬಯವಾಗಿತ್ತಮ್ಮಾ. ಬಿಸಿನೀರು ತರಕ್ಕೆ ಅಂತ ಹೋಗಿ ಅಡಿಗೆಮನೇಲಿ ನಿಂತು ನಡುಗ್ತಿದ್ದೆ. ನಿಂಗೆ ಗೊತ್ತಾಗಬಾರ್ದು ಅಂತ."

ರುಕ್ಮಣಿ ಮಗಳ ಮುಖ ನೋಡಿದಳು. ಬಾಯಿ ತೆರೆದು, ದನಿಯಿಲ್ಲದೆ ಅತ್ತಳು. ಕಲೈಸೆಲ್ವಿ ಇಬ್ಬರ ಅಳುವನ್ನೂ ಸೇರಿಸಿ ಗಟ್ಟಿಯಾಗಿ ಅತ್ತಳು.