ಒಶಿಗೆಯ ಮೂರು ತಂತಿ

ಒಶಿಗೆ ಅಕ್ಕ ಸೆರೆಮನೆಯಲ್ಲಿ ಒಂದು ಹನಿ ಕಣ್ಣೀರು ಹಾಕಿದವಳಲ್ಲ. ಹೆಂಗಸರು ರಂಗದ ಮೇಲೆ ಕಥೆ ಹಾಡಕೂಡದೆಂದು ಎಡೊ ನಗರದಲ್ಲಿ ಆಜ್ಞೆಯಾದ ಮೇಲೂ ಹಾಡಿದಳು, ಐವತ್ತು ದಿನ ಒಳಗಿದ್ದು ಬಂದಳು. ಅವಳ ಮೂರು ತಂತಿಯ ಶಾಮಿಸೆನ್ ವಾದ್ಯವನ್ನು ನಡುಬೀದಿಯಲ್ಲಿ ಸುಟ್ಟರು. ಅಂಥವಳ ಚಿತ್ರವನ್ನು ಅಳುಬುರುಕಿಯಂತೆ ಬರೆಸಿಕೊಂಡು ಪ್ರಕಾಶಕ ಜಿನ್‌ಸುಕೆ, ಅಚ್ಚಿನ ಹಲಗೆ ಕೆತ್ತುವ ನನ್ನ ಅಂಗಡಿಗೆ ಬಂದ. ತಗ್ಗಿದ ತಲೆ, ಕೆನ್ನೆಯ ಮೇಲೆ ಎರಡು ಹನಿ, ಮಡಿಲಲ್ಲಿ ತಂತಿ ಹರಿದ ವಾದ್ಯ. ಮೂಲೆಯಲ್ಲಿ, ಅಚ್ಚು ಹಾಕಬಹುದೆಂಬ ಅಧಿಕಾರಿಯ ಒಪ್ಪಿಗೆಯ ಮುದ್ರೆ.

“ಪಶ್ಚಾತ್ತಾಪದ ಚಿತ್ರ ಅಂದಿದ್ದಕ್ಕೆ ಮುದ್ರೆ ಸಿಕ್ತು, ಯಸೊಜಿ,” ಎಂದ.

“ಅಕ್ಕ ಯಾವತ್ತು ಅತ್ಲು?”

“ನೀನು ಕೆತ್ತೋನು. ಗೆರೆ ಇದ್ದಲ್ಲಿ ಮರ ಉಳಿಸು, ಇಲ್ಲದಲ್ಲಿ ತೆಗೆ. ಅಧಿಕಪ್ರಸಂಗ ಬೇಡ.”

ನನಗೆ ಮೈಯೆಲ್ಲ ಉರಿಯಿತು. ಚಿತ್ರವನ್ನು ಬೋರಲಾಗಿ ಹಲಗೆಗೆ ಅಂಟಿಸಿ ಕೆತ್ತುವುದು ನಮ್ಮ ಕಸುಬು. ಉಳಿ ಆಡಿದಂತೆ ಕಾಗದವೂ ಚಕ್ಕೆಯ ಜೊತೆ ಉದುರುತ್ತದೆ, ಕೊನೆಗೆ ಮೂಲ ಚಿತ್ರವೇ ಇರುವುದಿಲ್ಲ. ಇಪ್ಪತ್ತು ವರ್ಷ ಗೆರೆ ದಾಟದ ನಾನು ಅಂದು ಎರಡು ಹನಿಗಳನ್ನೂ ಕಿತ್ತು ಬಿಸಾಡಿದೆ. ತಂತಿ ಹರಿದ ಜಾಗದಲ್ಲಿ ಮರವನ್ನು ಗೆರೆಯಾಗಿ ಉಳಿಸಿ ಮೂರೂ ತಂತಿ ಬಿಗಿದೆ. ತಲೆ ಎತ್ತಿಸಲು ನನ್ನಿಂದಾಗಲಿಲ್ಲ. ಆದರೆ ಈಗ ಅವಳು ವಾದ್ಯಕ್ಕೆ ಕಿವಿಗೊಟ್ಟು ಶ್ರುತಿ ಮಾಡಿಕೊಳ್ಳುತ್ತಿದ್ದಳು. ಮುದ್ರೆಯನ್ನು ಮಾತ್ರ ಕೂದಲೆಳೆಯಷ್ಟೂ ತಪ್ಪದೆ ಕೆತ್ತಿದೆ.

ಜಿನ್‌ಸುಕೆ ಪ್ರತಿ ನೋಡಲು ಬರುವ ದಿನ ಒಶಿಗೆಗೂ ಹೇಳಿಕಳಿಸಿದ್ದೆ. ಅವಳೆದುರೇ ಮಸಿ ಹಚ್ಚಿ ಮೊದಲ ಪ್ರತಿ ತೆಗೆದೆ. ಜಿನ್‌ಸುಕೆಯ ಮುಖ ಬಿಳಿಚಿಕೊಂಡಿತು.

“ಕಣ್ಣೀರು ಎಲ್ಲೋ?”

“ನೆಲದ ಮೇಲಿದೆ. ಗುಡಿಸ್ಕೊಂಡು ಹೋಗಿ.”

“ಮತ್ತೆ ಕೆತ್ತು!”

“ತೆಗೆದ ಮರ ಮತ್ತೆ ಬೆಳೆಯುತ್ತಾ, ಯಜಮಾನ್ರೇ?”

ಒಶಿಗೆ ಪ್ರತಿಯನ್ನು ಬೆಳಕಿಗೆ ಹಿಡಿದು ನೋಡಿದಳು. “ಮೂಗು ಒಂಚೂರು ಉದ್ದ ಆಯ್ತು ಕಣೋ,” ಎಂದಳು. ಕಾಗದದ ಮೇಲಿನ ಮೂರೂ ತಂತಿಗಳನ್ನು ಬೆರಳಿಂದ ಮೀಟಿದಂತೆ ಮಾಡಿದಳು. ನನಗೆ ಅಷ್ಟೇ ಸಾಕಾಯಿತು.

“ಸಿಕ್ಕಿಬಿದ್ರೆ ಮೂರೂ ಜನ ಒಳಗೆ ಹೋಗ್ತೀವಮ್ಮಾ!” ಎಂದ ಜಿನ್‌ಸುಕೆ.

“ನಾನು ನೋಡ್ಕೊಂಡು ಬಂದಿದೀನಿ. ಅನ್ನ ಹಳಸಿರುತ್ತೆ, ಚಳಿ ಜಾಸ್ತಿ. ಸಾಯೋದೇನಿಲ್ಲ.”

“ಹಲಗೆ ನಂದು. ಸುಟ್ಟುಹಾಕ್ತೀನಿ,” ಎಂದು ಅವನು ಕೈ ಚಾಚಿದ.

ಒಶಿಗೆ ಹೊಸ್ತಿಲಿಗೆ ಅಡ್ಡಲಾಗಿ ಕೂತಳು. ಯಾವ ಕಥೆಗೆ ಸೆರೆಯಾಗಿತ್ತೋ ಅದನ್ನೇ ಎತ್ತಿಕೊಂಡಳು, ವಾದ್ಯವಿಲ್ಲದೆ, ಹಾಡಹಗಲಲ್ಲಿ. ಪಕ್ಕದ ಸೋಬಾ ಶ್ಯಾವಿಗೆ ಅಂಗಡಿಯಲ್ಲಿ ಉಣ್ಣುತ್ತಿದ್ದವರು ಬಟ್ಟಲು ಕೈಯಲ್ಲೇ ಹಿಡಿದು ಓಡಿಬಂದರು. ಬೀದಿ ತುಂಬಿತು.

“ಬಾಯಿ ಮುಚ್ಚು ಮಾರಾಯ್ತಿ, ಜನ ಸೇರ್ತಿದಾರೆ!”

“ಸೇರ್ಲಿ. ಚಿತ್ರ ಯಾರದು ಅಂತ ಗೊತ್ತಾಗ್ಬೇಡ್ವಾ?”

ಅವಳು ದನಿ ಏರಿಸಿದಳು. ನಾನು ಹಲಗೆಗೆ ಮತ್ತೆ ಮಸಿ ಹಚ್ಚಿದೆ.