ಚೀಟಿ ಎಣಿಸುವ ಅಳಿಯ

ಪೋರ್ತು ನಗರದ ಒಂದು ಆಭರಣದಂಗಡಿಯಲ್ಲಿ ಗ್ರಾಸಿಯೇತ್ ಇಪ್ಪತ್ತಾರು ವರ್ಷದಿಂದ ಕೆಲಸಕ್ಕಿದ್ದಳು. ದಿನಾ ಬೆಳಿಗ್ಗೆ ಉಂಗುರ, ಓಲೆ, ಚಿನ್ನದ ತಂತಿ ಹೆಣೆದ ಹೃದಯದಾಕಾರದ ಪದಕಗಳನ್ನು ಕೈಯಾರೆ ಎಣಿಸಿದ ಮೇಲೆಯೇ ಅವಳ ಕಾಫಿ. ಮಾಲೀಕ ಅಬೀಲಿಯು ವಯಸ್ಸಾಗಿ ಅಂಗಡಿಯನ್ನು ಅಳಿಯ ನೊರ್ಬೆರ್ತುವಿಗೆ ಒಪ್ಪಿಸಿದ್ದೇ ತಡ, ಅವನು ಒಂದೊಂದು ಒಡವೆಗೂ ರೇಡಿಯೋ ಸಂಕೇತ ಕಳಿಸುವ ಪುಟ್ಟ ಚೀಟಿ ಕಟ್ಟಿಸಿದ. ಕೈಯಲ್ಲಿ ಹಿಡಿಯುವ ಯಂತ್ರವೊಂದನ್ನು ಟ್ರೇಗಳ ಮೇಲೆ ಆಡಿಸಿದರೆ ಸಾಕು, ಅದು ಕೀಂಗುಟ್ಟುತ್ತ ಚೀಟಿಗಳ ಲೆಕ್ಕ ಒಪ್ಪಿಸುತ್ತಿತ್ತು.

"ಇನ್ಮೇಲೆ ನಿಮ್ಮ ಬೆರಳೆಣಿಕೆ ಬೇಡಮ್ಮ," ಎಂದ. "ನೀವು ಮೂರು ಎಣಿಸೋದ್ರೊಳಗೆ ಇದು ಮುನ್ನೂರು ಎಣಿಸುತ್ತೆ."

ಚಿನ್ನದ ನೀರು ಹಾಕಿದ ಬೆಳ್ಳಿಗೂ ಅಪ್ಪಟ ಚಿನ್ನಕ್ಕೂ ವ್ಯತ್ಯಾಸ ತಿಳಿಯದ ಮನುಷ್ಯನಿಗೆ ಏನು ಹೇಳುವುದು? ಗ್ರಾಸಿಯೇತ್ ಮೂಗು ಮುರಿದಳು.

ನವೆಂಬರಿನ ಒಂದು ಮಧ್ಯಾಹ್ನ ಗಾಜು ಒರೆಸುತ್ತಿದ್ದಾಗ, ಟ್ರೇಯಲ್ಲಿ ಒಂದು ಜಾಗ ಬರಿದಾಗಿದ್ದುದು ಅವಳ ಕಣ್ಣಿಗೆ ಬಿತ್ತು.

"ದೊಡ್ಡ ಹೃದಯ ಕಾಣ್ತಿಲ್ಲ."

ನೊರ್ಬೆರ್ತು ಯಂತ್ರ ಆಡಿಸಿದ. "ಮುನ್ನೂರ ಹನ್ನೆರಡೂ ಇದೆ. ಕನ್ನಡಕ ಬದಲಾಯ್ಸಿ."

"ಹಾಗಾದ್ರೆ ಯಂತ್ರಾನೇ ಗಿರಾಕಿ ಕೊರಳಿಗೆ ಹಾಕಿ."

ಅವನ ಮುಖ ಕೆಂಪಾಯಿತು. "ಓಹೋ! ಎಲ್ಲಿ, ನಿಮ್ಮ ಚೀಲ ತೋರಿಸಿ."

ಅಬೀಲಿಯು ಹಿಂದಿನ ಕೋಣೆಯಿಂದ ಹೊರಬಂದು ನಿಂತಿದ್ದರು. ಗ್ರಾಸಿಯೇತ್ ಚೀಲವನ್ನು ಮೇಜಿನ ಮೇಲೆ ಸುರಿದಳು: ಕೊಡೆ, ಮಾತ್ರೆ, ಅರ್ಧ ತಿಂದ ಬ್ರೆಡ್ಡು. ಆಮೇಲೆ ಟ್ರೇಯ ಮಖಮಲ್ಲಿನ ಮಡಿಕೆ ಎತ್ತಿದಳು. ಅಡಿಯಲ್ಲಿ ಚೀಟಿ ಇತ್ತು, ಅದರ ದಾರವನ್ನು ಯಾರೋ ಕತ್ತರಿಸಿದ್ದರು. ಉಳಿದ ಟ್ರೇಗಳನ್ನು ಜಾಲಾಡಿದಾಗ ಇನ್ನೂ ಎರಡು ಚೀಟಿ ಸಿಕ್ಕವು.

"ಯಂತ್ರ ಚೀಟೀನ ಚೆನ್ನಾಗಿ ಕಾಯ್ದಿದೆ," ಎಂದಳು. "ಬೆಳಿಗ್ಗೆ ತೋಳಿನ ಮೇಲೆ ಕೋಟು ಹಾಕ್ಕೊಂಡು ಬಂದಿದ್ದ ಆ ಗಿರಾಕಿ ಮಹಾಶಯನ ಮುಂದೆ ಟ್ರೇಗಳನ್ನ ಹರಡಿ, ಫೋನು ನೋಡ್ತಾ ನಿಂತಿದ್ದು ಯಾರು?"

ನೊರ್ಬೆರ್ತು ಯಂತ್ರದ ಗುಂಡಿ ಒತ್ತಿದ. ಅದು ಮತ್ತೆ ಮುನ್ನೂರ ಹನ್ನೆರಡು ಎಂದಿತು.

"ಕ್ಷಮೆ ಕೇಳೋ," ಎಂದರು ಮಾವ.

"ಆಯ್ತಮ್ಮ, ತಪ್ಪಾಯ್ತು," ಎಂದು ಅವನು ಗೋಡೆಗೆ ಹೇಳಿದ.

"ಈ ಕ್ಷಮಾಪಣೆ ನನಗೆ ಬೇಡ, ನೀವೇ ಇಟ್ಕೊಳ್ಳಿ. ಅದಕ್ಕೂ ಒಂದು ಚೀಟಿ ಕಟ್ಟಿ, ಕಳೆದುಹೋದೀತು."

ಮುದುಕರು ತಡೆದರೂ ಕೇಳದೆ ಅವಳು ಕೋಟು ಹಾಕಿಕೊಂಡು ಹೊರಟಳು. ಮರುವಾರವೇ ಎದುರು ಬೀದಿಯ ಅಂಗಡಿಯವರು ಅವಳನ್ನು ಕೆಲಸಕ್ಕೆ ಕರೆದುಕೊಂಡರು. ಕಳುವಾದ ಒಡವೆಗಳು ಸಿಗಲಿಲ್ಲ. ನೊರ್ಬೆರ್ತು ಮಾತ್ರ ಇನ್ನೂ ಗಟ್ಟಿ ದಾರದ ಚೀಟಿಗಳನ್ನು ತರಿಸಿದನಂತೆ. ಸುದ್ದಿ ಕೇಳಿ ಗ್ರಾಸಿಯೇತ್ ನಗಲೂ ಇಲ್ಲ. ಅವನಿಗಾಗಿ ಅಷ್ಟು ಶ್ರಮ ಯಾಕೆ?